ಸೋಲುತ್ತಿರುವ ತಂಡಕ್ಕೆ ಹಳೇ ಲಾಂಛನ ಬೇಕಾ?

ಫುಟ್‌ಬಾಲ್ ತಂಡವೊಂದು ಮೇಲಿಂದ ಮೇಲೆ ಸೋಲತೊಡಗಿದರೆ ಆಡಳಿತ ಮಂಡಳಿಯಲ್ಲಿ ಎರಡು ಮಾತು ಬೇಗ ಕೇಳಿಬರುತ್ತವೆ. ಒಂದು, ಕೋಚ್ ಬದಲಿಸೋಣ. ಇನ್ನೊಂದು, ಹಳೇ ಲಾಂಛನ, ಹಳೇ ಜೆರ್ಸಿ ವಾಪಸ್ ತರೋಣ, ಜನಕ್ಕೆ ಖುಷಿಯಾಗುತ್ತೆ. ಕ್ರೀಡಾ ಕ್ಲಬ್‌ಗಳ ಲಾಂಛನ, ಜೆರ್ಸಿ ರೂಪಿಸುವುದು ನನ್ನ ಕೆಲಸ. ಹಾಗಾಗಿ ಎರಡನೇ ಮಾತು ಬಂದಾಗ ನಮ್ಮಂಥವರಿಗೆ ಕರೆ ಬರುತ್ತದೆ. ಆಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಅಭಿಮಾನಿಗಳು ಏನನ್ನು ಕಳೆದುಕೊಂಡಿದ್ದಾರೆ? ಇದಕ್ಕೆ ನಿಖರವಾದ ಉತ್ತರ ಇದ್ದರೆ ಹಳೆಯದಕ್ಕೆ ಮರಳುವ ಮಾತಾಡಬಹುದು. ಏನೂ ಇಲ್ಲ, ಸ್ವಲ್ಪ ಹುರುಪು ಬರಲಿ ಅಂತ ಅಷ್ಟೇ ಅಂದರೆ, ಈ ಕೆಲಸಕ್ಕೆ ಈಗ ಕೈ ಹಾಕಬೇಡಿ ಅನ್ನುತ್ತೇನೆ. ಅದು ಸೋರುವ ಮನೆಗೆ ಸುಣ್ಣ ಬಳಿದಂತೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬನ್ನೇ ನೋಡಿ. 1996ರಲ್ಲಿ ತಂಡ ಅಲ್ಲಿನ ಅತ್ಯುನ್ನತ ಹಂತವಾದ ಪ್ರೀಮಿಯರ್ ಲೀಗ್‌ನಿಂದ ಕೆಳಗಿನ ಹಂತಕ್ಕೆ ಇಳಿಯಿತು. 1997ರಲ್ಲಿ ಹೊಸ ಲಾಂಛನ ಬಂತು. ರೆಕ್ಕೆ ಬಿಚ್ಚಿದ ಹದ್ದು, ಲ್ಯಾಟಿನ್ ಧ್ಯೇಯವಾಕ್ಯ, ತಲೆಯ ಮೇಲೆ ಮೂರು ನಕ್ಷತ್ರ. ಫುಟ್‌ಬಾಲ್‌ನಲ್ಲಿ ನಕ್ಷತ್ರ ಅಂದರೆ ಸಾಮಾನ್ಯವಾಗಿ ಗೆದ್ದ ಪ್ರಶಸ್ತಿಗಳ ಗುರುತು. ಇಲ್ಲಿ ಅವು ಬರೀ ಅಲಂಕಾರ. ಮರುವರ್ಷವೇ ತಂಡ ಮೂರನೇ ಹಂತಕ್ಕೆ ಜಾರಿತು. ಅದೇ ಕ್ಲಬ್ 2016ರಲ್ಲಿ ಹಳೇ ಗುಂಡನೆಯ ಲಾಂಛನದ ಕಡೆಗೆ ಮರಳಿತು. ಹಡಗು, ಲ್ಯಾಂಕಾಶೈರ್‌ನ ಕೆಂಪು ಗುಲಾಬಿ, ಎಲ್ಲ ವಾಪಸ್ ಬಂದವು. ಮೊದಲು ಅಭಿಮಾನಿಗಳನ್ನು ಕೇಳಿ, ಆಮೇಲೆ ಚಿತ್ರ ಬರೆಸಿದರು. ಅಷ್ಟು ಹೊತ್ತಿಗೆ ತಂಡ ಗೆಲ್ಲುವ ತಂಡವಾಗಿತ್ತು. ಸೋಲು ಮುಚ್ಚಿಡೋಕೆ ಹೀಗೆ ಮಾಡುತ್ತಿದ್ದಾರೆ ಅಂತ ಯಾರಿಗೂ ಅನ್ನಿಸಲಿಲ್ಲ. ನನ್ನ ಪ್ರಕಾರ ಹಳೆಯದಕ್ಕೆ ಮರಳಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಹಾಗಾದರೆ ಸೋಲುವಾಗ ರೂಪ ಬದಲಿಸಿ ಯಾರೂ ಉದ್ಧಾರವಾಗಿಲ್ವಾ? ಆಗಿದ್ದಾರೆ. 1961ರಲ್ಲಿ ಡಾನ್ ರೆವಿ ಮ್ಯಾನೇಜರ್ ಆಗಿ ಲೀಡ್ಸ್ ಯುನೈಟೆಡ್‌ನ ಹೊಣೆ ಹೊತ್ತಾಗ ಅದು ಎರಡನೇ ಡಿವಿಷನ್‌ನಲ್ಲಿ ಒದ್ದಾಡುತ್ತಿದ್ದ ತಂಡ. ನೀಲಿ, ಹಳದಿ ಜೆರ್ಸಿ ತೆಗೆಸಿ, ರಿಯಲ್ ಮ್ಯಾಡ್ರಿಡ್ ಥರ ಪೂರ್ತಿ ಬಿಳಿ ಮಾಡಿದರು. 1964ರಲ್ಲಿ ಮೇಲಿನ ಡಿವಿಷನ್‌ಗೆ ಬಡ್ತಿ, 1969ರಲ್ಲಿ ಲೀಗ್ ಪ್ರಶಸ್ತಿ. ಈ ಕಥೆಯನ್ನು ಮಾರ್ಕೆಟಿಂಗ್ ಸಭೆಗಳಲ್ಲಿ ತುಂಬಾ ಹೇಳುತ್ತಾರೆ. ರೆವಿ ಹುಡುಗರನ್ನು ಬೆಳೆಸಿದ್ದು, ತರಬೇತಿ ಬದಲಿಸಿದ್ದು, ಕ್ಲಬ್ಬಿನ ಶಿಸ್ತನ್ನೇ ಹೊಸದಾಗಿ ಕಟ್ಟಿದ್ದು ಮಾತ್ರ ಆ ಸಭೆಗಳಲ್ಲಿ ಬರುವುದಿಲ್ಲ.

ಪಕ್ಕದಲ್ಲೇ ಇನ್ನೊಂದು ಕ್ಲಬ್, ಕ್ರಿಸ್ಟಲ್ ಪ್ಯಾಲೇಸ್ ಇಟ್ಟು ನೋಡಿ. 1973ರಲ್ಲಿ ಮಾಲ್ಕಮ್ ಆಲಿಸನ್ ಮ್ಯಾನೇಜರ್ ಆಗಿ ಬಂದ ಮೇಲೆ ಬಾರ್ಸಿಲೋನಾ ಥರದ ಕೆಂಪು, ನೀಲಿ ಪಟ್ಟೆ ಬಂತು. ಅಡ್ಡಹೆಸರೂ ಬದಲಾಗಿ 'ಈಗಲ್ಸ್' ಆಯಿತು. 1974ರಲ್ಲಿ ತಂಡ ಮತ್ತೊಂದು ಮೆಟ್ಟಿಲು ಕೆಳಗಿಳಿಯಿತು. ಔಷಧ ಅದೇ, ಫಲ ಬೇರೆ. ಆದರೂ ಆ ಪಟ್ಟೆಗಳು ಉಳಿದವು. 2025ರಲ್ಲಿ ಪ್ಯಾಲೇಸ್ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದಾಗ ಗ್ಯಾಲರಿ ತುಂಬ ಇದ್ದದ್ದು ಅದೇ ಕೆಂಪು, ನೀಲಿ. ಇಂದಿನ ಹುಡುಗರಿಗೆ ಅದೇ ಪರಂಪರೆ. ಇದು ನನಗೆ ತುಂಬಾ ಇಷ್ಟವಾದ ಉದಾಹರಣೆ. ಬಣ್ಣಕ್ಕೆ ಅರ್ಥ ಬರುವುದು ಅದನ್ನು ತೊಟ್ಟು ಕಳೆದ ವರ್ಷಗಳಿಂದ, ಸೋಲಿನ ವರ್ಷಗಳೂ ಸೇರಿ.

ನಿಜವಾಗಿಯೂ ಕಳೆದುಕೊಂಡದ್ದು ಏನು ಅನ್ನುವ ಪ್ರಶ್ನೆಗೆ ಕಾರ್ಡಿಫ್ ಸಿಟಿಯಷ್ಟು ಸ್ಪಷ್ಟವಾದ ಉತ್ತರ ಇನ್ನೊಂದಿಲ್ಲ. 'ಬ್ಲೂಬರ್ಡ್ಸ್', ಅಂದರೆ ನೀಲಿ ಹಕ್ಕಿಗಳು, ಅಂತ ಕರೆಸಿಕೊಳ್ಳುವ ನೀಲಿ ಜೆರ್ಸಿಯ ತಂಡಕ್ಕೆ ಮಾಲೀಕ ವಿನ್ಸೆಂಟ್ ಟಾನ್ 2012ರಲ್ಲಿ ಕೆಂಪು ಜೆರ್ಸಿ ಹಾಕಿಸಿದರು. ಲಾಂಛನದಲ್ಲಿ ಹಕ್ಕಿ ಚಿಕ್ಕದಾಯಿತು, ಡ್ರ್ಯಾಗನ್ ದೊಡ್ಡದಾಯಿತು. 2013ರಲ್ಲಿ ತಂಡ ಪ್ರೀಮಿಯರ್ ಲೀಗ್‌ಗೆ ಏರಿತು, 2014ರಲ್ಲಿ ಕೊನೇ ಸ್ಥಾನದಲ್ಲಿ ಕೆಳಗಿಳಿಯಿತು. ಎರಡೂ ಕೆಂಪಿನಲ್ಲೇ. 2015ರ ಜನವರಿಯಲ್ಲಿ ನೀಲಿ ವಾಪಸ್ ಬಂತು. ಇದನ್ನು ನಾನು ಹಳೇ ನೆನಪಿನ ಮೋಹ ಅನ್ನುವುದಿಲ್ಲ. ಕಿತ್ತುಕೊಂಡದ್ದನ್ನು ಹಿಂದಿರುಗಿಸಿದರು, ಅಷ್ಟೇ. ನಿಮ್ಮ ಕ್ಲಬ್ಬಿನಲ್ಲೂ ಹೀಗೇ ಆಗಿದ್ದರೆ ತಂಡ ಸೋಲುತ್ತಿದ್ದರೂ ಪರವಾಗಿಲ್ಲ, ಕಾಯಬೇಡಿ.

ಉಳಿದವರಿಗೆ ಇನ್ನೊಂದು ತೊಡಕಿದೆ. ಹಳೆಯದು ಅಂದರೆ ಯಾವ ಹಳೆಯದು? ಅರವತ್ತು ದಾಟಿದವರ ಮನಸ್ಸಿನಲ್ಲಿ ಒಂದು ಜೆರ್ಸಿ ಇರುತ್ತದೆ, ಮೂವತ್ತರವರ ಮನಸ್ಸಿನಲ್ಲಿ ಇನ್ನೊಂದು. ಕೆಲಸ ಶುರುವಾದಾಗ ನಾನು ಕ್ಲಬ್ಬಿನ ಹಳೇ ಜೆರ್ಸಿಗಳನ್ನೆಲ್ಲ ಉದ್ದ ಮೇಜಿನ ಮೇಲೆ ವರ್ಷದ ಪ್ರಕಾರ ಹರಡಿಸುತ್ತೇನೆ. ಬೇರೆ ಬೇರೆ ವಯಸ್ಸಿನ ಅಭಿಮಾನಿಗಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತೇನೆ. ಯಾವುದು ಚೆನ್ನಾಗಿದೆ ಅಂತ ಕೇಳುವುದಿಲ್ಲ. ಅವರ ಕೈ ಮೊದಲು ಯಾವುದರ ಕಡೆ ಹೋಗುತ್ತದೆ ಅಂತ ನೋಡುತ್ತೇನೆ. ಎಷ್ಟೋ ಸಲ ಅದು ಕಪ್ ಗೆದ್ದ ವರ್ಷದ್ದಾಗಿರುವುದಿಲ್ಲ. ಅಪ್ಪನ ಜೊತೆ ಮೊದಲ ಸಲ ಮ್ಯಾಚ್‌ಗೆ ಹೋದ ವರ್ಷದ್ದಾಗಿರುತ್ತದೆ. ಆಡಳಿತ ಮಂಡಳಿ ಹುಡುಕುತ್ತಿರುವ ಸುವರ್ಣಯುಗ ಬೇರೆ, ಜನ ಇಟ್ಟುಕೊಂಡಿರುವ ನೆನಪು ಬೇರೆ ಅಂತ ಆಗ ಗೊತ್ತಾಗುತ್ತದೆ.

ಹಳೇ ಲಾಂಛನವನ್ನು ಇದ್ದಹಾಗೇ ತಂದು ಅಂಟಿಸಲೂ ಆಗುವುದಿಲ್ಲ. ಆಗ ಅದು ಕೋಟಿನ ಜೇಬಿನ ಮೇಲೋ ಮ್ಯಾಚ್ ಪುಸ್ತಕದ ಮೇಲೋ ಇರುತ್ತಿತ್ತು. ಈಗ ಮೊಬೈಲ್ ಪರದೆಯಲ್ಲಿ ಉಗುರಿನಷ್ಟು ಜಾಗದಲ್ಲಿ ಕಾಣಬೇಕು. ಹಕ್ಕಿಯ ಗರಿ, ರಿಬ್ಬನ್ ಮೇಲಿನ ಸಣ್ಣ ಅಕ್ಷರ ಇವೆಲ್ಲ ಅಷ್ಟು ಚಿಕ್ಕದಾದಾಗ ಮಸಿ ಕಲೆಯ ಥರ ಕಾಣುತ್ತವೆ. ಎಂಬ್ರಾಯ್ಡರಿಯಲ್ಲಿ ಇನ್ನೂ ಕಷ್ಟ. ಎರಡು ಗೆರೆ ತೀರಾ ಹತ್ತಿರ ಇದ್ದರೆ ದಾರ ಒಂದಕ್ಕೊಂದು ಕೂಡಿಕೊಂಡು ಮುದ್ದೆಯಾಗುತ್ತದೆ. ಅದಕ್ಕೇ ಹತ್ತು ಗರಿ ಇದ್ದಲ್ಲಿ ನಾಲ್ಕು ಉಳಿಸುತ್ತೇವೆ. ಆ ನಾಲ್ಕರಲ್ಲೂ ಅದೇ ಹಕ್ಕಿ ಅನ್ನಿಸಬೇಕು, ನನ್ನ ಸಮಯ ಜಾಸ್ತಿ ಹೋಗುವುದು ಅಲ್ಲಿಯೇ. ಇದರ ಜೊತೆ ಹಕ್ಕುಸ್ವಾಮ್ಯದ ಪ್ರಶ್ನೆ. 2002ರಲ್ಲಿ ಆರ್ಸೆನಲ್ ತನ್ನ ಲಾಂಛನ ಬದಲಿಸಿದ್ದಕ್ಕೆ, ಹಳೆಯದನ್ನು ಕಾನೂನಿನಲ್ಲಿ ಕಾಪಾಡಿಕೊಳ್ಳುವುದು ಕಷ್ಟ ಅನ್ನುವುದೂ ಕಾರಣವಾಗಿತ್ತು.

ಅಭಿಮಾನಿಗಳನ್ನು ಕೇಳಿದ್ದೇವೆ ಅನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 2018ರಲ್ಲಿ ಲೀಡ್ಸ್ ಹತ್ತು ಸಾವಿರ ಜನರನ್ನು ಕೇಳಿದ್ದೇವೆ ಅಂತ ಹೇಳಿ, ಎದೆ ಮೇಲೆ ಮುಷ್ಟಿ ಇಟ್ಟ ಮನುಷ್ಯನ ಲಾಂಛನ ತಂದಿತು. ಕೆಲವೇ ಗಂಟೆಗಳಲ್ಲಿ ವಿರೋಧದ ಮನವಿಗೆ ಸಾವಿರಾರು ಸಹಿ ಬಿದ್ದವು. ಕ್ಲಬ್ ಅದನ್ನು ಕೈಬಿಟ್ಟಿತು. ಆಸ್ಟನ್ ವಿಲ್ಲಾ 2022ರಲ್ಲಿ ನೇರವಾಗಿ ಮತ ಹಾಕಿಸಿತು. ಜನ ಗುಂಡನೆಯ ಹಳೇ ಶೈಲಿಯನ್ನು ಆರಿಸಿದರು. ಅದು ಒಂದೇ ಸೀಸನ್ ಜೆರ್ಸಿ ಮೇಲಿತ್ತು. 2024ರಲ್ಲಿ ಗುರಾಣಿ ಆಕಾರ ಮತ್ತೆ ಬಂತು. ಮತ ಕೇಳಿದ ಮೇಲೆ ಅದಕ್ಕೆ ಬದ್ಧರಾಗಿರಬೇಕಲ್ವಾ? ಇಲ್ಲವಾದರೆ ಮುಂದಿನ ಸಲ ಯಾರು ನಂಬುತ್ತಾರೆ? ಇಂಗ್ಲೆಂಡಿನಲ್ಲಿ 2025ರ ಫುಟ್‌ಬಾಲ್ ಆಡಳಿತ ಕಾನೂನು ಲಾಂಛನ, ತವರಿನ ಮೈದಾನದಲ್ಲಿ ತೊಡುವ ಜೆರ್ಸಿಯ ಬಣ್ಣ, ಹೆಸರು ಇವನ್ನೆಲ್ಲ ಮಾಲೀಕರ ಮನಸೋಇಚ್ಛೆಗೆ ಬಿಡದೆ ರಕ್ಷಣೆ ಕೊಟ್ಟಿದೆ. ಇದು ಬರಬೇಕಾಗಿದ್ದ ಕಾನೂನು.

ಸೋಲುತ್ತಿರುವ ಕ್ಲಬ್ ಇಷ್ಟೆಲ್ಲ ಕೇಳಿದ ಮೇಲೂ ಹಳೆಯದು ಬೇಕು ಅಂದರೆ ನಾನು ಮೂರನೇ ಜೆರ್ಸಿಯಿಂದ, ಅಂದರೆ ತವರಿನದ್ದು, ಹೊರಗಿನ ಪಂದ್ಯದ್ದು ಬಿಟ್ಟು ಇರುವ ಹೆಚ್ಚುವರಿ ಜೆರ್ಸಿಯಿಂದ ಶುರುಮಾಡಿ ಅನ್ನುತ್ತೇನೆ. ತವರಿನ ಬಣ್ಣ, ಲಾಂಛನ ಮುಟ್ಟಬೇಡಿ. ಮೂರನೇ ಜೆರ್ಸಿ ಮೇಲೆ ಹಳೇ ಗುರುತು ಹಾಕಿ, ಒಂದು ಸೀಸನ್ ಪೂರ್ತಿ ಬಿಡಿ. ಮೊದಲ ವಾರದ ಮಾರಾಟ ನೋಡಿ ತೀರ್ಮಾನ ಮಾಡಬೇಡಿ, ಹೊಸದು ಅಂದರೆ ಯಾವುದಾದರೂ ಮಾರಾಟವಾಗುತ್ತದೆ. ಮುಂದಿನ ಸೀಸನ್‌ನಲ್ಲಿ, ಅಂಗಡಿಯಲ್ಲಿ ಆ ಜೆರ್ಸಿ ಸಿಗದ ಹೊತ್ತಿನಲ್ಲೂ, ಸೋತ ಮ್ಯಾಚ್‌ನ ಮಾರನೇ ದಿನವೂ ಜನ ಅದನ್ನು ಹಾಕಿಕೊಂಡು ಓಡಾಡುತ್ತಿದ್ದರೆ ಆಗ ಕರೆಯಿರಿ. ಲಾಂಛನದ ಮಾತಾಡೋಣ.