ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ

ಹಳೆಯ ಅಮೆರಿಕನ್ ಕಾರುಗಳ ಮಾಲೀಕರು ಗ್ಯಾರೇಜಿಗೆ ಬರುವಾಗ ಕಾಯಿಲೆಯ ಹೆಸರನ್ನೂ ತಾವೇ ಹೊತ್ತು ತರುತ್ತಾರೆ: ‘ಗೇರ್‌ಬಾಕ್ಸ್ ಸೀಲ್ ಹೋಗಿದೆಯಂತೆ, ಇಳಿಸಬೇಕಂತೆ.’ ಕಾರಿನಡಿ ಕೆಂಪು ಎಣ್ಣೆ ಕಂಡ ಯಾರೋ ಹಾಗೆ ಹೇಳಿರುತ್ತಾರೆ. ಇಳಿಸುವುದು ಕೊನೆಯ ಕೆಲಸ. 1969ರ ಮಾದರಿಗಳಿಂದ ಷೆವ್ರೊಲೆ ಕಾರುಗಳಿಗೆ ಬಂದ ಮೂರು ವೇಗದ ಟರ್ಬೊ-ಹೈಡ್ರಾಮ್ಯಾಟಿಕ್ 350 ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೇ ತೆಗೆದುಕೊಳ್ಳಿ. ಎಣ್ಣೆ ಹೊರಬರಬಹುದಾದ ಜಾಗಗಳು ಅದರಲ್ಲಿ ಹತ್ತಕ್ಕೂ ಹೆಚ್ಚಿವೆ. ಇಳಿಸಲೇಬೇಕಾಗುವುದು ಹೆಚ್ಚಾಗಿ ಮುಂಭಾಗದ ಪಂಪಿನ ಸುತ್ತ ಸೋರಿದಾಗ ಮಾತ್ರ.

ಮೊದಲು, ಅದು ಗೇರ್‌ಬಾಕ್ಸಿನ ಎಣ್ಣೆಯೇ ಎಂದು ನೋಡಬೇಕು. ಆ ಕಾಲದ ಎಷ್ಟೋ ಕಾರುಗಳ ಪವರ್ ಸ್ಟೀರಿಂಗಿಗೂ ಇದೇ ಕೆಂಪು ಎಣ್ಣೆಯನ್ನು ಹಾಕಿರುತ್ತಾರೆ. ಸ್ಟೀರಿಂಗ್ ಪೈಪಿನಿಂದ ಒಸರಿದ್ದು ಗಾಳಿಯ ಹೊಡೆತಕ್ಕೆ ಹಿಂದಕ್ಕೆ ಹರಿದು ಗೇರ್‌ಬಾಕ್ಸಿನ ತಳದಿಂದ ತೊಟ್ಟಿಕ್ಕುತ್ತದೆ. ಎಂಜಿನ್ನಿನ ವಾಲ್ವ್ ಕವರ್ ಸೋರಿದರೂ ಎಣ್ಣೆ ಬೆನ್ನ ಮೇಲಿಂದ ಇಳಿದು, ಗೇರ್‌ಬಾಕ್ಸ್ ಎಂಜಿನ್ನಿಗೆ ಸೇರುವ ಗಂಟೆಯಾಕಾರದ ಮುಂಭಾಗವಾದ ಬೆಲ್ ಹೌಸಿಂಗನ್ನು ತೋಯಿಸುತ್ತದೆ. ಆದ್ದರಿಂದ ತಳವನ್ನೆಲ್ಲ ಚೆನ್ನಾಗಿ ತೊಳೆದು, ಒಣಗಿಸಿ, ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನೇ ತೆಳ್ಳಗೆ ಉದುರಿಸಿ, ಗಾಡಿಯನ್ನು ಬಿಸಿಯಾಗುವವರೆಗೆ ಓಡಿಸಿ ತರಬೇಕು. ಪುಡಿ ಒದ್ದೆಯಾದ ಭಾಗದಲ್ಲಿ ಅತ್ಯಂತ ಮೇಲಿನ, ಅತ್ಯಂತ ಮುಂದಿನ ಬಿಂದು ಯಾವುದೋ ಅದರಿಂದ ಹುಡುಕಾಟ ಶುರು. ಈ ಒಂದು ದಿನದ ಕೆಲಸಕ್ಕೆ ಕೂಲಿ ಕೇಳಿದರೆ ಮುಖ ಸಿಂಡರಿಸುವವರೇ ಜಾಸ್ತಿ. ಅದೇ ಜನ ಸುಮ್ಮನೆ ಗೇರ್‌ಬಾಕ್ಸ್ ಇಳಿಸಿದರೆ ಮಾತಿಲ್ಲದೆ ಹಣ ಎಣಿಸುತ್ತಾರೆ.

ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುತ್ತಲೇ ಇದೆ ಎಂಬ ದೂರು ನನಗೆ ಅತ್ಯಂತ ಪ್ರಿಯವಾದದ್ದು. ಗೇರ್‌ಬಾಕ್ಸಿನ ಬಲಬದಿಯ ಹಿಂಭಾಗದಲ್ಲಿ ಸಣ್ಣ ಡಬ್ಬಿಯಂಥ ಭಾಗವೊಂದಿದೆ, ವ್ಯಾಕ್ಯೂಮ್ ಮಾಡ್ಯುಲೇಟರ್. ಎಂಜಿನ್ ಗಾಳಿ ಹೀರುವ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಒಂದು ಕೊಳವೆ ಬಂದು ಅದಕ್ಕೆ ಸೇರುತ್ತದೆ. ಎಂಜಿನ್ ಮೇಲೆ ಎಷ್ಟು ಭಾರವಿದೆ ಎಂಬುದನ್ನು ಆ ಎಳೆತದಿಂದಲೇ ಗೇರ್‌ಬಾಕ್ಸ್ ತಿಳಿದುಕೊಂಡು ಒಳಗಿನ ಎಣ್ಣೆಯ ಒತ್ತಡವನ್ನು ಹೊಂದಿಸಿಕೊಳ್ಳುತ್ತದೆ. ಡಬ್ಬಿಯೊಳಗಿನ ರಬ್ಬರ್ ಪರದೆ ಹರಿದರೆ ಎಂಜಿನ್ ಆ ಕೊಳವೆಯಿಂದ ಕೆಂಪು ಎಣ್ಣೆಯನ್ನು ಹೀರಿ ಸುಡುತ್ತದೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ, ಗೇರು ಬೀಳುವಾಗ ಧಕ್ಕೆನ್ನುತ್ತದೆ. ಹೊಗೆ ಕಂಡು ಪಿಸ್ಟನ್ ರಿಂಗ್ ಸವೆದಿದೆ ಎಂದು ಎಂಜಿನ್ನನ್ನೇ ಬಿಚ್ಚಲು ಹೊರಟವರನ್ನು ನಾನು ನೋಡಿದ್ದೇನೆ. ಪರೀಕ್ಷೆಗೆ ಒಂದೆರಡು ನಿಮಿಷ ಸಾಕು: ಕೊಳವೆಯನ್ನು ಮಾಡ್ಯುಲೇಟರಿನಿಂದ ಎಳೆದು ನೋಡಿ, ಒಳಗೆ ಎಣ್ಣೆ ಇದ್ದರೆ ಪರದೆ ಹರಿದಿದೆ. ಒಂದೇ ಬೋಲ್ಟು, ಒಂದು ಹಿಡಿಕೆ, ಒಂದು ಓ-ರಿಂಗ್. ಬದಲಿಸಿದರೆ ಮುಗಿಯಿತು.

ವಿಂಟೇಜ್ ಕಾರುಗಳ ಇನ್ನೊಂದು ತೊಂದರೆ ಅವು ಓಡುವುದಕ್ಕಿಂತ ಹೆಚ್ಚು ನಿಲ್ಲುತ್ತವೆ ಎಂಬುದು. ವಾರಗಟ್ಟಲೆ ನಿಂತಾಗ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿದ್ದ ಎಣ್ಣೆ ನಿಧಾನವಾಗಿ ಕೆಳಗಿಳಿದು ತಳದ ಎಣ್ಣೆ ತಟ್ಟೆಯಾದ ಪ್ಯಾನ್ ತುಂಬಿ ಇನ್ನೂ ಮೇಲೇರುತ್ತದೆ. ಗೇರ್ ಸನ್ನೆಯ ಅಡ್ಡ ಶಾಫ್ಟಿನ ಸೀಲ್ ಪ್ಯಾನಿಗಿಂತ ತುಸು ಮೇಲಿದೆ. ಎಂಜಿನ್ ಓಡುವಾಗ ಒಣಗಿರುವ ಆ ಸೀಲು ಈಗ ಎಣ್ಣೆಯಲ್ಲಿ ಮುಳುಗುತ್ತದೆ. ದಶಕಗಳ ಬಿಸಿಗೆ ರಬ್ಬರು ಕಲ್ಲಿನಂತಾಗಿದ್ದರೆ ಸೋರದೆ ಇನ್ನೇನು? ಮದುವೆ ಮೆರವಣಿಗೆಗೆಂದು ಮಾತ್ರ ಹೊರಬರುವ ಕಾರುಗಳಲ್ಲಿ ಇದು ಸಾಮಾನ್ಯ. ಸೀಲ್ ಬದಲಿಸಲು ಪ್ಯಾನ್ ತೆಗೆಯಬೇಕಾಗಬಹುದು, ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಜೊತೆಗೆ ಕಾರನ್ನು ಆಗಾಗ ಪೂರ್ತಿ ಬಿಸಿಯಾಗುವಷ್ಟು ಓಡಿಸಿ.

ಪ್ಯಾನ್ ಸೋರಿಕೆ ಬಹುಮಟ್ಟಿಗೆ ಮನುಷ್ಯನ ಕೈಕೆಲಸ. ಹದಿಮೂರು ಬೋಲ್ಟುಗಳ ಈ ಪ್ಯಾನ್ ತೆಳು ತಗಡಿನದು. ಸೋರಿದ ಕೂಡಲೇ ಇನ್ನಷ್ಟು ಬಿಗಿ ಮಾಡುತ್ತಾರೆ. ಬೋಲ್ಟಿನ ತೂತಿನ ಸುತ್ತ ತಗಡು ಮೇಲಕ್ಕೆ ಉಬ್ಬುತ್ತದೆ, ಎರಡು ಬೋಲ್ಟುಗಳ ನಡುವಿನ ಪ್ಯಾಕಿಂಗ್ ಸಡಿಲಾಗುತ್ತದೆ. ಬಿಗಿ ಮಾಡಿದಷ್ಟೂ ಸೋರುತ್ತದೆ. ಪ್ಯಾನನ್ನು ಸಮತಟ್ಟಾದ ಮರದ ದಿಮ್ಮಿಯ ಮೇಲಿಟ್ಟು, ಆ ಉಬ್ಬುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಸಮ ಮಾಡಬೇಕು. ಬೋಲ್ಟಿಗೆ 12 ಅಡಿ-ಪೌಂಡ್, ಅಂದರೆ ಸುಮಾರು 16 ನ್ಯೂಟನ್-ಮೀಟರ್ ಬಿಗಿತ ಸಾಕು, ಅದೂ ಅಡ್ಡಡ್ಡವಾಗಿ, ಎರಡು ಮೂರು ಸುತ್ತಿನಲ್ಲಿ. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಂ. ಉತ್ಸಾಹ ಹೆಚ್ಚಾದರೆ ಬೋಲ್ಟು ಕೂರುವ ತೂತಿನ ತಿರುಪಿನ ಮರೆ ಕಿತ್ತುಬಂದು, ಅದರ ಬದಲಿಗೆ ಹೆಲಿಕಾಯಿಲ್ ಎಂಬ ತಂತಿಸುರುಳಿ ಕೂರಿಸುವ ಕೆಲಸ ಸೇರಿಕೊಳ್ಳುತ್ತದೆ. ಸಿಲಿಕೋನ್ ಅಂಟಿನ ಟ್ಯೂಬನ್ನು ಮಾತ್ರ ದಯವಿಟ್ಟು ದೂರವಿಡಿ. ಒಳಕ್ಕೆ ಹಿಂಡಿಬಂದ ಎಳೆಗಳು ಕಿತ್ತು ಫಿಲ್ಟರಿಗೆ, ಎಣ್ಣೆಯನ್ನು ಒಳಗೆ ಹಂಚುವ ವಾಲ್ವ್ ಬಾಡಿಯ ಸಂದುಗಳಿಗೆ ಸೇರುತ್ತವೆ.

ಉಳಿದವು ಚಿಲ್ಲರೆ ಕೆಲಸಗಳು: ಎಣ್ಣೆ ತುಂಬುವ ಕೊಳವೆಯ ಬುಡದ ರಿಂಗ್, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗಿಳಿಸುವ ಕಿಕ್‌ಡೌನ್ ಕೇಬಲ್ಲಿನ ರಿಂಗ್, ಎಡಬದಿಯಲ್ಲಿ ತಂತಿಯ ಹಿಡಿಕೆಯಿಂದ ಕೂತಿರುವ, ಕಾರಿನ ವೇಗಕ್ಕೆ ತಕ್ಕಂತೆ ಗೇರು ಬದಲಿಸಲು ನೆರವಾಗುವ ಗವರ್ನರಿನ ಮುಚ್ಚಳ. ಸ್ಪೀಡೋಮೀಟರ್ ಗೇರಿನ ಸೀಲ್ ಹೋದರೆ ಎಣ್ಣೆ ಕೇಬಲ್ಲಿನೊಳಗೇ ಏರಿ ಮೀಟರಿನವರೆಗೂ ತಲುಪುವುದುಂಟು. ಹಿಂತುದಿಯ ಸೀಲ್ ಬದಲಿಸುವಾಗ ಶಾಫ್ಟನ್ನು ಹಿಡಿದಿರುವ ಬುಷ್ ಸವೆದಿದೆಯೇ ನೋಡಿ. ಬುಷ್ ಸವೆದಿದ್ದರೆ ಶಾಫ್ಟು ಅಲುಗಾಡಿ ಹೊಸ ಸೀಲನ್ನೂ ತಿನ್ನುತ್ತದೆ.

ಮುಂಭಾಗದ ಪಂಪಿನ ಸೀಲಿಗೂ ಇದೇ ಮಾತು. ಬೆಲ್ ಹೌಸಿಂಗಿನ ಒಳಗೋಡೆಗೆ ಸುತ್ತಲೂ ಕೆಂಪು ಎಣ್ಣೆ ಎರಚಿದ್ದರೆ ಇಳಿಸಲೇಬೇಕು. ಇಳಿಸಿದ ಮೇಲೆ ಕನ್ವರ್ಟರಿನ ಕತ್ತಿನಲ್ಲಿ ಉಗುರಿಗೆ ಸಿಗುವ ಗೀರು ಬಿದ್ದಿದೆಯೇ, ಪಂಪಿನ ಬುಷ್ ಸರಿಯಿದೆಯೇ ನೋಡದೆ ಬರಿಯ ಸೀಲ್ ಹಾಕಿದರೆ ಬೇಗನೆ ಮತ್ತೆ ಇಳಿಸಬೇಕಾಗುತ್ತದೆ. ಈ ಗಾಡಿಗಳ ಅಳತೆ ಇಂಚಿನದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹತ್ತಿರದ ಮಿಲಿಮೀಟರ್ ಸೀಲ್ ಕೊಡಲು ಬಂದರೆ ಬೇಡವೆನ್ನಿ. ಕಾಯ್ದರೂ ಸರಿ, ಅದೇ ಅಳತೆಯದನ್ನು ತರಿಸಿಕೊಳ್ಳಿ.

ಸೋರಿಕೆ ನಿಲ್ಲಿಸುವ ದ್ರವಗಳು ರಬ್ಬರನ್ನು ಉಬ್ಬಿಸಿ ತಾತ್ಕಾಲಿಕವಾಗಿ ನಿಲ್ಲಿಸಬಹುದು, ಆದರೆ ಅದೇ ರಬ್ಬರು ಕ್ರಮೇಣ ಮೆತ್ತಗಾಗಿ ಹಾಳಾಗುತ್ತದೆ. ಬ್ರೇಕ್ ಎಣ್ಣೆ ಬೆರೆಸುವ ಹಳೆಯ ಗ್ಯಾರೇಜ್ ಮದ್ದು ಇನ್ನೂ ಕೆಟ್ಟದ್ದು.

ಕೊನೆಗೆ ಎಣ್ಣೆ ತುಂಬುವಾಗ ಎಚ್ಚರ. ಪ್ಯಾನ್ ಬಿಚ್ಚಿದಾಗ ಎಲ್ಲ ಎಣ್ಣೆಯೂ ಇಳಿಯುವುದಿಲ್ಲ, ಬಹುಪಾಲು ಕನ್ವರ್ಟರ್‌ನಲ್ಲೇ ಉಳಿದಿರುತ್ತದೆ. ಪುಸ್ತಕದಲ್ಲಿರುವ ಒಟ್ಟು ಪ್ರಮಾಣವನ್ನು ಸುರಿದರೆ ಎಣ್ಣೆ ನೊರೆಯೆದ್ದು ಗಾಳಿಕೊಳವೆಯಿಂದ ಉಕ್ಕುತ್ತದೆ. ಡೆಕ್ಸ್ರಾನ್-3 ದರ್ಜೆಯ ಗೇರ್‌ಬಾಕ್ಸ್ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸಮತಟ್ಟು ನೆಲದಲ್ಲಿ, ಗೇರ್‌ಬಾಕ್ಸ್ ಬಿಸಿಯಿರುವಾಗ, ಎಂಜಿನ್ ಓಡುತ್ತಿರುವಂತೆಯೇ ಸನ್ನೆಯನ್ನು ಪಾರ್ಕ್‌ನಲ್ಲಿಟ್ಟು ಮಟ್ಟ ನೋಡಬೇಕು. ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಸೋರುತ್ತಿದೆ ಎಂದು ವಾಪಸ್ ಬಂದ ಗಾಡಿಯಲ್ಲಿ ನಾನು ಮೊದಲು ಎಳೆಯುವುದು ಡಿಪ್‌ಸ್ಟಿಕ್ಕನ್ನೇ.