ತುಕ್ಕು ಹಿಡಿದ ಉಜ್ಜುಗೊರಡನ್ನೇ ಕೊಳ್ಳಿ

ಹಳೆಯ ಪೀಠೋಪಕರಣಗಳ ದುರಸ್ತಿ ನನ್ನ ಕಸುಬು. ಆದರೆ ಈಗೀಗ ಕುರ್ಚಿ, ಮೇಜುಗಳಿಗಿಂತ ಹೆಚ್ಚಾಗಿ ಹಳೆಯ ಹತಾರಗಳನ್ನು ಹಿಡಿದು ಬರುವವರೇ ಇದ್ದಾರೆ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲೋ, ಊರ ಗುಜರಿ ಅಂಗಡಿಯಲ್ಲೋ ಸಿಕ್ಕ, ಬಡಗಿ ಮರ ಹೆರೆದು ನಯಮಾಡುವ ಕಬ್ಬಿಣದ ಉಜ್ಜುಗೊರಡನ್ನು ಮೇಜಿನ ಮೇಲಿಟ್ಟು ‘ಎಷ್ಟು ಹಳೆಯದು?’ ಎನ್ನುತ್ತಾರೆ. ಅದು ಥಳಥಳ ಹೊಳೆಯುತ್ತಿದ್ದರೆ ನನಗೆ ಅನುಮಾನ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿದವನು ಅಲಗಿನ ಮೇಲಿನ ಮುದ್ರೆಯನ್ನೂ ಅಳಿಸಿರುತ್ತಾನೆ, ಅಂಚುಗಳನ್ನೂ ಮೊಂಡು ಮಾಡಿರುತ್ತಾನೆ. ಮೇಲೆ ಬಳಿದ ಕಪ್ಪು ಬಣ್ಣದಡಿ ಬಿರುಕಿದ್ದರೂ ಕಾಣದು. ತುಕ್ಕು ಏನನ್ನೂ ಮುಚ್ಚಿಡಲು ಹೊರಟಿರುವುದಿಲ್ಲ.

ನಮ್ಮಲ್ಲಿ ಸಿಗುವ ಇಂಥ ಬಹುಪಾಲು ಉಜ್ಜುಗೊರಡುಗಳ ವಿನ್ಯಾಸ ಅಮೆರಿಕದ ಲಿಯೊನಾರ್ಡ್ ಬೈಲಿಯದು. ಅವನ ಪೇಟೆಂಟುಗಳನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡಿತು. 1930ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ರೆಕಾರ್ಡ್ ಕಂಪನಿ ಕೂಡ ಅದೇ ಮಾದರಿಯನ್ನು ತಯಾರಿಸತೊಡಗಿತು. ಸ್ಟ್ಯಾನ್ಲಿಯ ವಯಸ್ಸು ತಿಳಿಯಲು ಅಲಗು ಒರಗುವ ಇಳಿಜಾರು ಪೀಠದ ಹಿಂಭಾಗ ನೋಡಬೇಕು. ಅಲ್ಲಿ 1902ರ ಎರಡು, 1910ರ ಒಂದು, ಹೀಗೆ ಮೂರು ಪೇಟೆಂಟ್ ದಿನಾಂಕಗಳು ಎರಕದಲ್ಲೇ ಮೂಡಿದ್ದರೆ ಅದು ಸುಮಾರು 1910ರಿಂದ 1918ರ ನಡುವಿನದು. ಅಲಗಿನ ಮೇಲೆ ಹೃದಯದ ಚಿಹ್ನೆಯಿದ್ದರೆ 1920ರ ನಂತರದ್ದು. ಎರಡೂ ಹೊಂದದಿದ್ದರೆ ಎರಕವನ್ನೇ ನಂಬಿ. ಅಲಗು ಸವೆದಾಗ ಬಡಗಿ ಹೊಸದನ್ನು ಹಾಕಿಕೊಳ್ಳುವುದು ಸಹಜ.

ಇನ್ನು ಬಿರುಕು. ಅಲಗು ಹೊರಬರುವ ಬಾಯಿಯ ಎರಡೂ ಮೂಲೆಗಳನ್ನು, ಪಕ್ಕದ ಗೋಡೆಗಳನ್ನು ಉಗುರಿನಿಂದ ಕೆರೆದು ನೋಡಿ. ಭಾಗಗಳನ್ನೆಲ್ಲ ಬಿಚ್ಚಲು ಅಂಗಡಿಯವನು ಬಿಟ್ಟರೆ, ಬರಿಯ ಒಡಲನ್ನು ಬೆರಳಿಗೆ ತೂಗುಹಾಕಿ ಮೆಲ್ಲನೆ ತಟ್ಟಿ. ಚೆನ್ನಾಗಿರುವುದು ನಾದ ಕೊಡುತ್ತದೆ, ಒಡೆದದ್ದು ಮಂಕಾಗಿ ಸದ್ದು ಮಾಡುತ್ತದೆ. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಸುಲಭಕ್ಕೆ ಒಗ್ಗದು. ಮಾಡಿದರೂ ತಳ ಸೊಟ್ಟಗಾಗುವ ಭಯ. ತಳ ಸ್ವಲ್ಪ ತಗ್ಗುದಿಣ್ಣೆಯಾಗಿದ್ದರೆ ಚಿಂತೆಯಿಲ್ಲ, ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜಿದರೆ ಸರಿಹೋಗುತ್ತದೆ. ಅಲಗಿನ ಬೆನ್ನಿನಲ್ಲಿ, ಮೊನೆಯ ಹತ್ತಿರವೇ ತುಕ್ಕಿನ ಆಳವಾದ ಗುಳಿಗಳಿದ್ದರೆ ಮಾತ್ರ ಬೆಲೆ ಇಳಿಸಿ ಕೇಳಿ. ಅಲ್ಲಿ ಹರಿತ ನಿಲ್ಲುವುದಿಲ್ಲ.

ತಿರುಪುಗಳನ್ನು ಎಣಿಸಿಕೊಳ್ಳುವುದನ್ನು ಹೆಚ್ಚಿನವರು ಮರೆಯುತ್ತಾರೆ. ಸ್ಟ್ಯಾನ್ಲಿ ಹಿಡಿಯ ತಿರುಪಿಗೆ ಅಂಗುಲಕ್ಕೆ 20 ಸುತ್ತು, ಅದೂ ಬೇರೆಲ್ಲೂ ಹೆಚ್ಚು ಬಳಸದ ಗಾತ್ರ. ಬೆಂಗಳೂರಿನ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯಿಡೀ ಸುತ್ತಿದರೂ ಸಿಗುವುದು ಕಷ್ಟ. ಅಲಗನ್ನು ಏರಿಳಿಸುವ ಹಿತ್ತಾಳೆಯ ಗಾಲಿಗಂತೂ ಎಡಸುತ್ತು; ಬಲಕ್ಕೆ ತಿರುಗಿಸಿ ಬಿಚ್ಚಬೇಕು. ಇದು ತಿಳಿಯದೆ ಇಕ್ಕಳ ಹಾಕಿ ಹಾಳುಮಾಡಿದವು ಎಷ್ಟೋ. ಹಿಡಿ ಮುರಿದಿದ್ದರೆ ಬಿಡಬೇಡಿ. ಹಳೆಯ ಹಿಡಿಗಳು ಬ್ರೆಜಿಲ್‌ನ ರೋಸ್‌ವುಡ್ಡಿನವು, ನಮ್ಮ ಬೀಟೆಯೂ ಅದೇ ಕುಲದ ಮರ. ಮುರಿದ ಹಳೆಯ ಮಂಚದ ತುಂಡೊಂದು ಸಾಕು.

ತುಕ್ಕು ತೆಗೆಯಲು ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ನೀರಿನಲ್ಲಿ ಕರಗಿಸಿ ಅಲಗನ್ನು ಕೆಲವು ಗಂಟೆ ನೆನೆಸಿ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಿ. ರಾತ್ರಿಯಿಡೀ ಮರೆತುಬಿಟ್ಟರೆ ಒಳ್ಳೆಯ ಉಕ್ಕನ್ನೂ ಅದು ಕೊರೆಯುತ್ತದೆ. ಮರದ ಹಿಡಿಯನ್ನು ಇದರಲ್ಲಿ ಅದ್ದಬಾರದು.

ಬಾಯಿ ಒಡೆದದ್ದು ಸಿಕ್ಕರೆ? ಕಿಲೋ ಲೆಕ್ಕದಲ್ಲಿ ಕೊಡುವುದಾದರೆ ನಾನು ಅದನ್ನೂ ತರುತ್ತೇನೆ. ಮುಂದೆ ಸಿಗುವ ಒಳ್ಳೆಯ ಒಡಲಿಗೆ ಬೇಕಾದ ತಿರುಪುಗಳು ಅದರಲ್ಲಿರುತ್ತವೆ.