ಕೊಳವೆಯಲ್ಲಿ ಸೋರಿಹೋಗುವ ತೂಕ

ಮಾಂಸದ ಕೋಳಿಮರಿ ಮೊಟ್ಟೆಯೊಡೆದು ಹೊರಬಂದಾಗ ತೂಗುವುದು ಸುಮಾರು 40 ಗ್ರಾಂ. ಐದಾರು ವಾರಗಳಲ್ಲಿ ಅದು ಎರಡು ಕಿಲೋ ದಾಟುತ್ತದೆ. ಇದು ತಳಿ ಮತ್ತು ಆಹಾರದ ಸಾಧನೆ ಎಂದು ಎಲ್ಲರೂ ಹೇಳುತ್ತಾರೆ. ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹಿತವಾದ ಹವೆಯಲ್ಲೂ ಕೋಳಿ ತಿನ್ನುವ ಆಹಾರದ ತೂಕಕ್ಕಿಂತ ಕುಡಿಯುವ ನೀರಿನ ತೂಕ ಸುಮಾರು ಎರಡು ಪಟ್ಟು. ಕೋಳಿಗೆ ಬೆವರುಗ್ರಂಥಿಗಳಿಲ್ಲ, ಸೆಕೆಯಾದರೆ ಅದು ಬಾಯಿ ತೆರೆದು ಏದುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ಆಗ ನೀರಿನ ಖರ್ಚು ಇನ್ನೂ ಏರುತ್ತದೆ. ನೀರು ಸಾಲದಿದ್ದರೆ ತಿನ್ನುವುದೂ ಇಳಿಯುತ್ತದೆ.

ಆಹಾರದ ಕಡೆ ಲೆಕ್ಕ ಬಹಳ ಬಿಗಿ. ಮೊದಲ ದಿನಗಳಲ್ಲಿ ಶೇ 22ರ ಆಸುಪಾಸಿನಲ್ಲಿರುವ ಪ್ರೋಟೀನ್ ಮಾರಾಟದ ಹೊತ್ತಿಗೆ ಶೇ 18-19ಕ್ಕೆ ಇಳಿಯುತ್ತದೆ, ಶಕ್ತಿಯ ಪಾಲು ಏರುತ್ತದೆ. ಮೆಕ್ಕೆಜೋಳ, ಸೋಯಾ ಹಿಂಡಿಗಳಲ್ಲಿ ಕಡಿಮೆ ಬೀಳುವ, ಪ್ರೋಟೀನಿನ ಘಟಕವಾದ ಅಮೈನೋ ಆಮ್ಲ ಮೆಥಿಯೊನಿನ್‌ ಅನ್ನು ಬೇರೆಯಾಗಿಯೇ ಬೆರೆಸುತ್ತಾರೆ. ಕಾಳುಗಳಲ್ಲಿರುವ ರಂಜಕದ ಬಹುಪಾಲು ಕೋಳಿಗೆ ಸರಿಯಾಗಿ ಜೀರ್ಣವಾಗದ ಫೈಟೇಟ್ ರೂಪದಲ್ಲಿ ಕಟ್ಟಿಬಿದ್ದಿರುವುದರಿಂದ ಅದನ್ನು ಬಿಡಿಸಲು ಫೈಟೇಸ್ ಕಿಣ್ವ ಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಕೊಳಕು ನೀರು ಕುಡಿಸಿದರೆ? ಅದರೊಂದಿಗೆ ಇ. ಕೋಲಿಯಂಥ ಬ್ಯಾಕ್ಟೀರಿಯಾ ಕರುಳಿಗೆ ಇಳಿದಾಗ ದೇಹ ಕಾವಲಿಗೆ ನಿಲ್ಲುತ್ತದೆ. ಹಸಿವು ಕುಗ್ಗುತ್ತದೆ, ಮಾಂಸವಾಗಬೇಕಿದ್ದ ಅಮೈನೋ ಆಮ್ಲಗಳಲ್ಲಿ ಒಂದಷ್ಟು ರೋಗನಿರೋಧಕ್ಕೆ ಖರ್ಚಾಗುತ್ತವೆ. ಕೋಳಿ ಸಾಯದೇ ಇರಬಹುದು, ಆದರೆ ಒಂದು ಕಿಲೋ ತೂಕ ಗಳಿಸಲು ಹೆಚ್ಚು ಆಹಾರ ತಿನ್ನುತ್ತದೆ. ನೀರಿನ ಶುದ್ಧೀಕರಣದಿಂದ ಕೋಳಿ ಬೆಳೆಯುತ್ತದೆ ಎನ್ನುವುದಕ್ಕಿಂತ ಬೆಳವಣಿಗೆಗಿದ್ದ ಅಡ್ಡಿ ತೊಲಗುತ್ತದೆ ಎನ್ನುವುದೇ ಸರಿ. ಮೊದಲೇ ಚೊಕ್ಕಟವಾಗಿರುವ ನೀರಿಗೆ ಏನೇನೋ ಸುರಿದು ಪವಾಡ ನಿರೀಕ್ಷಿಸಬಾರದು.

ಸಾಮಾನ್ಯವಾಗಿ ಎಡವುವುದು ಕ್ಲೋರಿನ್ ವಿಷಯದಲ್ಲಿ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ: ಸೂಕ್ಷ್ಮಾಣುಗಳನ್ನು ಚುರುಕಾಗಿ ಕೊಲ್ಲುವ ಹೈಪೋಕ್ಲೋರಸ್ ಆಮ್ಲ, ಮತ್ತು ಅದಕ್ಕಿಂತ ಬಹಳ ದುರ್ಬಲವಾದ ಹೈಪೋಕ್ಲೋರೈಟ್. ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 7.5ರ ಸುಮಾರಿಗೆ ಇವು ಸಮಸಮ. 8.5ಕ್ಕೆ ಏರಿದರೆ ಚುರುಕು ರೂಪ ಶೇ 10ರಷ್ಟೂ ಉಳಿಯದು, 6.5ಕ್ಕೆ ಇಳಿದರೆ ಶೇ 90ರಷ್ಟಿರುತ್ತದೆ. ಪಿಎಚ್ ನೋಡದೆ ಕ್ಲೋರಿನ್ ಹೆಚ್ಚಿಸುತ್ತ ಹೋಗುವುದು ದುಡ್ಡು ದಂಡ. ಮೊದಲು ಸಿಟ್ರಿಕ್‌ನಂಥ ಆಮ್ಲದಿಂದ ಪಿಎಚ್ ಇಳಿಸಬೇಕು. ಆಮ್ಲದ ಡಬ್ಬಿಗೂ ಕ್ಲೋರಿನ್ ಡಬ್ಬಿಗೂ ಎಂದೂ ನೇರ ಸಂಪರ್ಕ ಕೂಡದು, ಬೆರೆತರೆ ವಿಷಾನಿಲ ಏಳುತ್ತದೆ. ಆಮ್ಲ ಅತಿಯಾದರೆ ರುಚಿ ಕೆಟ್ಟು ಕೋಳಿಗಳು ಕುಡಿಯುವುದನ್ನೇ ಕಡಿಮೆ ಮಾಡುತ್ತವೆ.

ಟ್ಯಾಂಕಿನ ನೀರು ತಿಳಿಯಾಗಿದ್ದರೆ ಸಾಲದು. ಮರಿಗಳ ಶೆಡ್ ಬೆಚ್ಚಗಿರುತ್ತದೆ, ಮರಿಗಳು ಕುಡಿಯುವುದು ಸ್ವಲ್ಪ, ಹಾಗಾಗಿ ಕೊಳವೆಯಲ್ಲಿ ನೀರು ನಿಂತೇ ಇರುತ್ತದೆ. ಅದರಲ್ಲಿ ಜೀವಸತ್ವವನ್ನೋ ಸಕ್ಕರೆಯನ್ನೋ ಕರಗಿಸಿದರಂತೂ ಒಳಗೋಡೆಗೆ ಲೋಳೆ ಕಟ್ಟಲು ಸುಗ್ಗಿ. ಆ ಲೋಳೆಯ ಅಡಿಯಲ್ಲಿ ಅಡಗಿದ ಬ್ಯಾಕ್ಟೀರಿಯಾ ಮಾಮೂಲಿ ಕ್ಲೋರಿನ್‌ಗೆ ಜಗ್ಗುವುದಿಲ್ಲ. ತುಣುಕು ಕಳಚಿ, ಕೋಳಿ ಕೊಕ್ಕು ತಾಗಿಸಿ ನೀರು ಕುಡಿಯುವ ನಿಪ್ಪಲ್‌ಗೆ ಸಿಕ್ಕಿಕೊಂಡರೆ ನೀರು ಬಾರದು, ಇಲ್ಲವೇ ತೊಟ್ಟಿಕ್ಕಿ ನೆಲದ ಹಾಸು ಒದ್ದೆಯಾಗಿ ಅಮೋನಿಯಾ ಏಳುತ್ತದೆ. ಆದ್ದರಿಂದ ಒಂದು ತಂಡ ಹೋಗಿ ಇನ್ನೊಂದು ಬರುವ ಬಿಡುವಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಆಧಾರಿತ ದ್ರಾವಣ ತುಂಬಿಸಿಟ್ಟು, ಆಮೇಲೆ ರಭಸದಿಂದ ನೀರು ಹಾಯಿಸಿ ಕೊಳವೆ ತೊಳೆಯುತ್ತಾರೆ.

ಶೆಡ್ಡಿಗೊಂದು ನೀರಿನ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕೋಳಿಗಳಿಗೆ ಕಾಯಿಲೆ ಹಿಡಿಯುತ್ತಿದೆ ಎಂಬ ಸುಳಿವು ಹಲವು ಬಾರಿ ಮೊದಲು ಸಿಗುವುದು ದಿನದ ನೀರಿನ ಬಳಕೆ ದಿಢೀರನೆ ಕುಸಿದಾಗ.